ಮಗ್ಗದ ಕುಣಿ

ನಮ್ಮ ಊರಿನಲ್ಲಿ ಯಾರಾದರೂ ಮನೆಯ ಗುರುತು ಕೇಳಿದರೆ ನಾವೀಗ ಸೆಕ್ಟರಿನ ಅಂಕಿ ಹೇಳುತ್ತೇವೆ. ಕೇಳಿದವರಿಗೆ ಮನೆಯೇನೋ ಸಿಗುತ್ತದೆ. ಮನೆಯವರು ಎಂಥವರೆಂಬುದು ಮಾತ್ರ ತಿಳಿಯುವುದಿಲ್ಲ. ಹಳೆಯ ಬಾಗಲಕೋಟೆಯಲ್ಲಿ ಹಾಗಿರಲಿಲ್ಲ. ಕಿಲ್ಲಾ, ಹಳೇಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಓಣಿಯ ಹೆಸರು ಬಾಯಿಂದ ಬೀಳುವುದೇ ತಡ, ಕೇಳಿದವನು “ಓಹೋ, ಹಂಗಾದ್ರ ನೀವು ಇಂಥವರ ಪೈಕಿ ಅಲ್ಲೇನು?” ಎಂದು ನಮ್ಮ ಅಜ್ಜನ ತನಕ ಹೋಗಿ ಬರುತ್ತಿದ್ದ. ಇಂದಿಗೂ ಹೋಳಿ ಹುಣ್ಣಿವೆ ಬಂತೆಂದರೆ ಈ ಪೇಟೆಗಳ ಹಲಗಿಯ ಸಪ್ಪಳ ಏಳುತ್ತದೆ. ಬಣ್ಣದ ಬ್ಯಾರಲ್ಲು ಹೇರಿದ ಬಂಡಿಗಳು ಹೊರಟಾಗ ನವನಗರದ ಜನ ಗುಡ್ಡ ಇಳಿದು ಹಳೆಯ ಊರಿಗೆ ಬಂದು ತಮ್ಮ ತಮ್ಮ ಓಣಿಯ ಗುಂಪು ಸೇರುತ್ತಾರೆ. ಮನೆಯೇ ಇಲ್ಲದ ಓಣಿಗೆ ಅದೆಂಥ ಅಭಿಮಾನವೋ!

ನಾನು ಹೇಳಹೊರಟಿರುವುದು ಹೋಳಿಯ ಮಾತಲ್ಲ, ನಮ್ಮ ಮನೆಯ ಮಾತು. ಬರೆಯಲೋ ಬೇಡವೋ ಎಂದು ಬಹಳ ದಿನ ಹಿಂದೆ ಮುಂದೆ ನೋಡಿದ್ದೇನೆ.

ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರ ಮೇ ತಿಂಗಳಲ್ಲಿ. ಆ ಕಲ್ಲಿನ ನೆರಳು ನಮ್ಮ ಊರಿನ ಮೇಲೆ ಬೀಳಲು ಮೂವತ್ತು ವರ್ಷಗಳ ಮೇಲೆ ಹಿಡಿಯಿತು. ಆಲಮಟ್ಟಿ ಕೃಷ್ಣೆಯ ಮೇಲಿದೆ, ನಾವಿರುವುದು ಘಟಪ್ರಭೆಯ ದಂಡೆಯಲ್ಲಿ; ಕೃಷ್ಣೆ ತುಂಬಿದರೆ ಘಟಪ್ರಭೆಯ ನೀರೂ ಹಿಂದಕ್ಕೆ ಸರಿದು ಊರೊಳಗೆ ಬರುವುದೆಂಬುದು ನಮ್ಮ ಹಿರಿಯರಿಗೆ ಮೊದಮೊದಲು ನಂಬಿಗೆಯಾಗಲಿಲ್ಲ. “ನೀರು ಹಿಂದಕ ಹರೀತೈತೇನು?” ಎಂದು ನಗುತ್ತಿದ್ದರಂತೆ. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿನವರೆಗೆ ಒಪ್ಪಿಗೆ ಕೊಟ್ಟ ಮೇಲೆ ನಗುವವರು ಉಳಿಯಲಿಲ್ಲ. ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ನಕ್ಷೆ ಹಾಕಿಕೊಟ್ಟ ನವನಗರ ಅಷ್ಟರಲ್ಲಿ ಎತ್ತರದ ನೆಲದಲ್ಲಿ ಏಳುತ್ತಿತ್ತು.

ನಮ್ಮ ಹಳೆಯ ಮನೆಯ ಮುಂದಿನ ಪಡಸಾಲೆಯಲ್ಲಿ ಒಬ್ಬ ನೇಕಾರರು ಬಾಡಿಗೆಗೆ ಇದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರದು ಕುಣಿ ಮಗ್ಗ. ನೆಲದಲ್ಲಿ ಮೊಳಕಾಲುದ್ದ ಕುಣಿ ತೋಡಿ, ಅದರ ಅಂಚಿನಲ್ಲಿ ಕುಳಿತು, ಕಾಲು ಒಳಗಿಳಿಬಿಟ್ಟು ತುಳಿಯುತ್ತ ನೇಯುವುದು. ನೋಡಿದವರಿಗೆ ಕುಣಿಯೇಕೆ ಬೇಕೆನಿಸಬಹುದು. ಮಣ್ಣಿನ ತಂಪು ನೂಲಿಗೆ ಬೇಕು. ನಮ್ಮ ಕಡೆಯ ಬೇಸಗೆಯ ಒಣ ಗಾಳಿಗೆ ಎಳೆ ಪಟಪಟನೆ ಹರಿಯುತ್ತದೆ; ಕುಣಿಯ ಹಸಿ ಅದನ್ನು ಕಾಯುತ್ತದೆ. ನಾನು ಸಾಲೆಯಿಂದ ಬಂದವನೇ ಪಾಟಿಚೀಲ ಒಗೆದು ಆ ಕುಣಿಯ ದಂಡೆಯಲ್ಲಿ ಕೂಡುತ್ತಿದ್ದೆ. ಸೆರಗಿನ ರೇಶಿಮೆಯ ಹಾಸನ್ನು ಮೈಯ ನೂಲಿನ ಹಾಸಿಗೆ ಕೊಂಡಿ ಹಾಕಿ ಒಂದೊಂದೇ ಎಳೆ ಕೂಡಿಸುವಾಗ ಕಾಕಾ ಮಾತಾಡುತ್ತಿರಲಿಲ್ಲ. ಇಳಕಲ್ಲ ಸೀರೆಯ ಗುಟ್ಟೆಲ್ಲ ಆ ಕೊಂಡಿಯಲ್ಲಿದೆ. ಅದು ಮುಗಿದು ಲಾಳಿ ಓಡತೊಡಗಿದ ಮೇಲೆ ಅವರ ಕಥೆಗಳೂ ಓಡುತ್ತಿದ್ದವು.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಮನೆ ಅಳೆಯುವವರು ಬಂದರು. ಗೋಡೆ ಅಳೆದರು, ತೊಲೆ ಎಣಿಸಿದರು, ಸಾಗವಾನಿ ಬಾಗಿಲಿನ ಚೌಕಟ್ಟು ಬರೆದುಕೊಂಡರು, ಹಿತ್ತಲ ಬೇವಿನಮರಕ್ಕೂ ಒಂದು ಲೆಕ್ಕ ಹಾಕಿದರು. ಪಡಸಾಲೆಗೆ ಬಂದಾಗ ಕಾಕಾ ಎದ್ದು ನಿಂತು, “ಸಾಹೇಬ್ರ, ಇದನ್ನೂ ಬರಕೋರಿ” ಎಂದು ಕುಣಿ ತೋರಿಸಿದರು. ಬಂದವರಲ್ಲೊಬ್ಬ ಬಗ್ಗಿ ನೋಡಿ, “ತಗ್ಗಿಗೆ ಏನಂತ ಬರಿಯೂದೋ ಯಪ್ಪಾ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಮ್ಮ ತಂದೆ ಮಾತ್ರ ಆಗ ನಗಲಿಲ್ಲ. ಸಂಜೆ ಕಾಕಾನನ್ನು ಕರೆದು, “ನೀ ಯಾಕ ಚಿಂತಿ ಮಾಡ್ತಿ? ಹೊಸಾ ಮನಿ ಕಟ್ಟಿದ ಮ್ಯಾಲ ಕೆಳಗಿನ ಖೋಲಿ ನಿನಗ. ಮೊದಲ ನಿನ್ನ ಕುಣಿ ತೋಡಸ್ತೀನಿ, ಆಮ್ಯಾಲ ನನ್ನ ಒಲಿ ಹೂಡಸ್ತೀನಿ” ಎಂದರು. ಅವರು ಅದನ್ನು ಮನಸ್ಸಿನಿಂದಲೇ ಹೇಳಿದರೆಂದು ನಾನು ಈಗಲೂ ನಂಬಿದ್ದೇನೆ.

ಎರಡು ವರ್ಷಕ್ಕೆ ಪರಿಹಾರ ಬಂತು, ಜಾಗ ಬಂತು, ಮನೆ ಏಳತೊಡಗಿತು. ಮನೆ ಏಳುತ್ತಿದ್ದಂತೆ ನಮ್ಮ ಆಸೆಯೂ ಎದ್ದಿತು. ಅಕ್ಕಪಕ್ಕದವರು ಇಳಕಲ್ಲಿನ ಕೆಂಪು ಗ್ರಾನೈಟು ಹಾಸಿಸಿದ್ದರು, ನಮಗೂ ಬೇಕಾಯಿತು. ಒಂದು ದಿನ ಕಾಕಾ ಕೆಳಗಿನ ಖೋಲಿ ನೋಡಲು ಬಂದರು. ಕನ್ನಡಿಯಂಥ ನೆಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ನಡುವೆ ನಿಂತು, ಬರಿಗಾಲಿನಿಂದ ನೆಲವನ್ನು ಎರಡು ಸಲ ತುಳಿದು ನೋಡಿದರು. ತಂದೆಯವರು ಬೇರೆ ಕಡೆ ನೋಡುತ್ತ, “ಇಷ್ಟ ರೊಕ್ಕಾ ಹಾಕಿ ಹಾಸಿದ್ದನ್ನ ಒಡಿಯೂದು ಹ್ಯಾಂಗೋ?” ಎಂದರು. “ಒಡೀಬ್ಯಾಡ್ರಿ ಅಣ್ಣಾರ, ಛಲೋ ಐತಿ” ಎಂದರು ಕಾಕಾ. ಅಷ್ಟೇ ಮಾತು, ಜಗಳವಿಲ್ಲ, ಬೇಡಿಕೆಯಿಲ್ಲ. ಮಗ್ಗ ಬಿಚ್ಚಿ ಟೆಂಪೋದಲ್ಲಿ ಹೇರಿಕೊಂಡು ಇಳಕಲ್ಲಿನ ಅಕ್ಕನ ಮನೆಗೆ ಹೋದರು.

ಮುಂದೆ ನಾನು ಕಾಲೇಜಿನಲ್ಲಿ ಓದುವಾಗ ‘ಜೆಂಟ್ರಿಫಿಕೇಶನ್’ ಎಂಬ ನಾಲಿಗೆ ಹೊರಳದ ಮಾತೊಂದನ್ನು ಕಂಡೆ. ಲಂಡನ್ನಿನ ದುಡಿಯುವವರ ಓಣಿಗಳಿಗೆ ಉಳ್ಳವರು ಬಂದು ನೆಲೆಸಿ, ಮನೆಗಳನ್ನು ಚಂದ ಮಾಡಿ, ಬಾಡಿಗೆ ಏರಿಸಿ, ಮೊದಲಿದ್ದವರು ತಾವಾಗಿಯೇ ಜಾಗ ಬಿಡುವಂತಾದುದನ್ನು ನೋಡಿ ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ ಆ ಹೆಸರು ಕೊಟ್ಟರು. ವರ್ಷ 1964, ಆಲಮಟ್ಟಿಯ ಅಡಿಗಲ್ಲಿನ ವರ್ಷವೇ! ಬಾಗಲಕೋಟೆಗೆ ಹೊರಗಿನಿಂದ ಯಾವ ಸಾಹುಕಾರನೂ ಬರಲಿಲ್ಲ, ನೀರು ಬಂತು, ಅದು ನಿಜ. ಆದರೆ ನಮ್ಮ ಕಾಕಾನನ್ನು ನೀರು ಓಡಿಸಲಿಲ್ಲ. ಆ ಪುಸ್ತಕವನ್ನು ಓದುತ್ತ ನನಗೆ ನಮ್ಮ ಕೆಳಗಿನ ಖೋಲಿಯ ಹೊಳಪೇ ಕಣ್ಣಿಗೆ ಕಟ್ಟಿತು.

ಹಳೆಯ ಊರು ಪೂರ್ಣ ಮುಳುಗಿಲ್ಲ. ಉಳಿದವರ ಪಾಡು ಬೇರೊಂದು ಬಗೆಯದು. 2010ರಲ್ಲಿ ನ್ಯಾಯಾಧಿಕರಣವು ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಬಹುದೆಂದು ಹೇಳಿದ ಮೇಲೆ, ಇಂದಲ್ಲ ನಾಳೆ ಮುಳುಗುವ ಗೋಡೆಗೆ ಸುಣ್ಣ ಬಳಿಯುವವರಾರು? ಅಲ್ಲಿ ಮಗಳ ಮದುವೆಗೆಂದು ಸಹ ಮನೆ ರಿಪೇರಿ ಮಾಡಿಸುವುದಿಲ್ಲ, ಛತ್ರ ಹಿಡಿಯುತ್ತಾರೆ. ಕಳೆದ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಾದಾಮಿಗೆ ಹೋದಾಗ ಅಗಸ್ತ್ಯತೀರ್ಥದ ಬದಿಯ ಓಣಿಗಳಲ್ಲೂ ಇಂಥದೇ ಗೋಡೆಗಳನ್ನು ಕಂಡೆ. ಅಲ್ಲಿಯದು ನೀರಿನ ಅಂಜಿಕೆಯಲ್ಲ, ಕಲ್ಲಿನದು. 2010ರ ಕಾಯಿದೆಯ ಪ್ರಕಾರ ರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ. ರಿಪೇರಿಗೂ ಅಪ್ಪಣೆ ಬೇಕು. ಮಂಗಲೇಶ ಕೊರೆಯಿಸಿದ, 578ರ ಗುಹೆಯನ್ನು ಕಾಯಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಬ್ಬ ಮುದುಕಿ ಕೆರೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತ, “ಗುಡಿ ನೋಡಾಕ ಬಂದೋರು ನಮ್ಮ ಮನಿ ಸರಸ್ರಿ ಅಂತಾರ. ನಾವು ಎಂದರೆ ಗುಡಿ ಸರಸ್ರಿ ಅಂದೀವೇನು?” ಎಂದಳು. ಹುಡುಗರು ನಕ್ಕರು. ಈ ಸಲ ನನಗೆ ನಗು ಬರಲಿಲ್ಲ.

ಅದೇ ವಾರ ನಾನು ಇಳಕಲ್ಲಿನ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡೆ; ಬರಿಗೈಯಲ್ಲಿ ಹೋಗಲು ಧೈರ್ಯವಾಗಲಿಲ್ಲ ಎಂದರೂ ಸರಿಯೆ. ಹುನಗುಂದದ ನಿಲ್ದಾಣದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಇಳಿದು ತಿರುಗಿ ಬಾಗಲಕೋಟೆಯ ಬಸ್ಸು ಹತ್ತಲೇ ಎಂದು ಒಮ್ಮೆ ಅನಿಸಿತ್ತು.

ಇಳಕಲ್ಲಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಲ್ಲಿ ಇನ್ನೂ ಓಣಿಯ ಹೆಸರು ನಡೆಯುತ್ತದೆ. ಅಕ್ಕಪಕ್ಕದಲ್ಲಿ ವಿದ್ಯುತ್ ಮಗ್ಗಗಳ ಗದ್ದಲ. ಅದರ ನಡುವೆ ಒಂದು ಕತ್ತಲೆಯ ಖೋಲಿ, ಅದರಲ್ಲಿ ಅದೇ ಕುಣಿ, ಅದೇ ಕೂರುವ ಬಗೆ. ತಲೆ ಪೂರ್ಣ ಬೆಳ್ಳಗಾಗಿತ್ತು. ನಾನು ಹೆಸರು ಹೇಳುವ ಮೊದಲೇ, “ಬಾ ತಮ್ಮಾ, ದಂಡೀಗೆ ಕೂಡು” ಎಂದರು. ಮೂವತ್ತೈದು ದಾಟಿದ ಮೇಷ್ಟ್ರು ನಾನು, ಪ್ಯಾಂಟು ಮಡಿಚಿ ಮಣ್ಣಿನ ನೆಲದಲ್ಲಿ ಕುಳಿತೆ. ಮಗ ಗ್ರಾನೈಟು ಪಾಲಿಶಿನ ಕೆಲಸಕ್ಕೆ ಹೋಗುತ್ತಾನಂತೆ. ಮಗ್ಗಕ್ಕಿಂತ ಅದರಲ್ಲಿ ದಿನಗೂಲಿ ಹೆಚ್ಚು. ಹೇಳುವಾಗ ಅವರ ದನಿಯಲ್ಲಿ ಕೊಂಕಿರಲಿಲ್ಲ.

ಕರದಂಟಿನ ಪೊಟ್ಟಣವನ್ನು ಒಳಗೆ ಕಳಿಸಿ, ಚಹಾ ತರಿಸಿ, ಊರಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ಹೊಸಪೇಟೆಯ ಹಲಗಿ ಈಗಲೂ ಮೊದಲಿನಂತೆ ಬರುತ್ತದೆಯೇ ಎಂದರು. ಬರುತ್ತದೆ ಎಂದೆ. ನಾನು ಆಡಬೇಕೆಂದು ಬಂದಿದ್ದ ಮಾತು ಗಂಟಲಿನಲ್ಲೇ ಉಳಿದಿತ್ತು.

“ಕೆಳಗಿನ ಖೋಲ್ಯಾಗ ಈಗ ಯಾರದಾರು?” ಎಂದು ಕೇಳಿದರು.

“ಮೊಬೈಲ್ ರಿಪೇರಿ ಅಂಗಡಿ ಐತಿ ಕಾಕಾ.”

“ಬಾಡಿಗಿ ಎಷ್ಟ ಕೊಡತಾರು?”

ಹೇಳಿದೆ. ಕಾಕಾ ಮನಸ್ಸಿನಲ್ಲಿಯೇ ಏನೋ ಲೆಕ್ಕ ಹಾಕಿದಂತೆ ತುಸು ಹೊತ್ತು ಸುಮ್ಮನಿದ್ದರು. ಆ ಮೇಲೆ, “ಹಾಂ, ಅಷ್ಟ ನನ್ನ ಕಡಿಂದ ಆಗತಿರಲಿಲ್ಲ ಬಿಡು” ಎಂದು ಲಾಳಿ ಕೈಗೆತ್ತಿಕೊಂಡರು. ಬಸ್ಸಿನ ಹೊತ್ತಾಗುವವರೆಗೆ ನಾನು ಅಲ್ಲಿಯೇ ದಂಡೆಯ ಮೇಲೆ ಕುಳಿತಿದ್ದೆ.