ನಾನು ತಪ್ಪೆಂದ ಉತ್ತರ

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ವಿಭಾಗಗಳ ನಡುವೆ ರಸಪ್ರಶ್ನೆ ನಡೆದಾಗ ಇತಿಹಾಸದ ಪ್ರಶ್ನೆಗಳನ್ನು ತಯಾರಿಸಿದವನು ನಾನೇ. ಕೊನೆಯ ಸುತ್ತಿನ ಪ್ರಶ್ನೆ: "ಮೆಕ್ಸಿಕೋದ ತೆಯೋತಿವಾಕಾನ್ ಪಿರಮಿಡ್‌ಗಳನ್ನು ಕಟ್ಟಿದವರು ಯಾರು?" ನನ್ನ ಚೀಟಿಯಲ್ಲಿದ್ದ ಉತ್ತರ, ಅಜ್ಟೆಕ್ ಜನ. ಕಲಾ ವಿಭಾಗದ ಹುಡುಗನೊಬ್ಬ ಎದ್ದು, "ಅಜ್ಟೆಕ್ ಜನ ಅಲ್ಲ, ಅವರಿಗಿಂತ ಬಹಳ ಹಿಂದಿನವರು. ಯಾರು ಅಂತ ಇನ್ನೂ ಖಚಿತವಾಗಿಲ್ಲ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. "ಗೊತ್ತಿಲ್ಲ ಅನ್ನೋದು ಉತ್ತರ ಅಲ್ಲ" ಎಂದು ಪ್ರಶ್ನೆಯನ್ನು ಮುಂದಿನ ತಂಡಕ್ಕೆ ದಾಟಿಸಿದೆ. ಮುಂದಿನ ತಂಡ ನನ್ನದೇ ವಿಜ್ಞಾನ ವಿಭಾಗದ್ದು. ಅವರು "ಅಜ್ಟೆಕ್" ಎಂದರು, ಐದು ಅಂಕ ಸಿಕ್ಕಿತು, ಆ ಐದು ಅಂಕದಿಂದಲೇ ಕಪ್ ಗೆದ್ದರು.

ಆ ಜಾಗವನ್ನು ಕಣ್ಣಾರೆ ನೋಡುತ್ತೇನೆಂದು ಆಗ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ದುಲ್ಹಾಭಾಯಿಗೆ ಮೆಕ್ಸಿಕೋ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ. ಈ ಏಪ್ರಿಲ್‌ನಲ್ಲಿ ಆಪಾಳಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಹೊರಟ ಅಮ್ಮಿ, ಅಷ್ಟು ದೂರ ಒಬ್ಬರೇ ಹೋಗಲು ಹೆದರಿ, ರಜೆಯಲ್ಲಿದ್ದ ನನ್ನನ್ನು ಜೊತೆಗೆ ಕರೆದುಕೊಂಡರು. ಅಲ್ಲಿ ಹೋದ ಮೇಲೆ ನನಗೆ ಕೆಲಸವಿಲ್ಲ. ಒಂದು ಭಾನುವಾರ ದುಲ್ಹಾಭಾಯಿ, "ಮನೆಯಲ್ಲಿ ಕೂತು ಏನು ಮಾಡ್ತೀಯಾ, ಬಾ" ಎಂದು ಬಸ್ಸು ಹತ್ತಿಸಿದರು. ನಗರದಿಂದ ಈಶಾನ್ಯಕ್ಕೆ ಸುಮಾರು 50 ಕಿಲೋಮೀಟರ್.

ಸೂರ್ಯ ಪಿರಮಿಡ್ ದೂರದಿಂದ ಗುಡ್ಡದ ಹಾಗೆ ಕಂಡಿತು. ಹತ್ತಿರ ಹೋದಂತೆ ಅದು ಮುಗಿಯುವುದೇ ಇಲ್ಲ. ಎತ್ತರ ಸುಮಾರು 65 ಮೀಟರ್, ಬುಡದ ಒಂದೊಂದು ಬದಿ 220 ಮೀಟರಿಗೂ ಹೆಚ್ಚು. ನಮ್ಮೂರಿನ ಗೋಲಗುಂಬಜ್ ಸುಮಾರು 51 ಮೀಟರ್. ಅದಕ್ಕಿಂತ ದೊಡ್ಡದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಕಬ್ಬಿಣದ ಉಪಕರಣವಿಲ್ಲ, ಎತ್ತಿಲ್ಲ, ಕುದುರೆಯಿಲ್ಲ, ಗಾಡಿಯಿಲ್ಲ. ಮಣ್ಣು, ಕಲ್ಲು ಎಲ್ಲ ಮನುಷ್ಯರೇ ಹೊತ್ತದ್ದು. 2020ರಲ್ಲಿ ಕೋವಿಡ್ ಸಮಯಕ್ಕೆ ಅದನ್ನು ಹತ್ತುವುದು ನಿಲ್ಲಿಸಿದವರು ನಾನು ಹೋದಾಗಲೂ ಬಿಡುತ್ತಿರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದ ಜಾಗ ಅದು. ನೆಲದ ಮೇಲೆ ನಡೆದೇ ಏದುಸಿರು ಬಂದಿದ್ದ ನನಗೆ ಬೇಜಾರಾಗಲಿಲ್ಲ.

ಬಾಗಿಲಲ್ಲಿ ಸಿಕ್ಕ ವಯಸ್ಸಾದ ಗೈಡ್ ಒಬ್ಬರಿಗೆ ಇಂಗ್ಲಿಷ್ ಬರುತ್ತಿತ್ತು. ನಾನು ಬುದ್ಧಿವಂತಿಕೆ ತೋರಿಸಲು, "ಅಜ್ಟೆಕ್ ಜನ ಇದನ್ನು ಕಟ್ಟಲು ಎಷ್ಟು ವರ್ಷ ತೆಗೆದುಕೊಂಡರು?" ಎಂದು ಕೇಳಿದೆ. ಅವರು ನಗಲಿಲ್ಲ. ದಿನಕ್ಕೆ ಹತ್ತು ಜನ ಇದನ್ನೇ ಕೇಳುತ್ತಾರೆ ಅನ್ನುವ ಮುಖ ಮಾಡಿ ಲೆಕ್ಕ ಹೇಳಿದರು. ಈ ಪಿರಮಿಡ್ ಎದ್ದು ನಿಂತದ್ದು ಕ್ರಿ.ಶ. 200ರ ಸುಮಾರಿಗೆ. ನಗರದ ಮುಖ್ಯ ಕಟ್ಟಡಗಳು ಸುಟ್ಟದ್ದು 550ರ ಸುಮಾರಿಗೆ. ಅಜ್ಟೆಕ್ ಜನ ತಮ್ಮ ರಾಜಧಾನಿ ತೆನೋಚ್‌ತಿತ್ಲಾನ್ ಕಟ್ಟಿದ್ದು 1325ರಲ್ಲಿ ಎಂಬುದು ಪರಂಪರೆಯ ಮಾತು. ನಡುವೆ ಏಳುನೂರಕ್ಕೂ ಹೆಚ್ಚು ವರ್ಷ! ಅವರು ಬಂದಾಗ ಇದು ಆಗಲೇ ಹಾಳೂರು. ಹೆಸರುಗಳೂ ಅವರು ಇಟ್ಟವೇ. ತೆಯೋತಿವಾಕಾನ್ ಅಂದರೆ ಅವರ ಭಾಷೆಯಲ್ಲಿ ದೇವತೆಗಳು ಹುಟ್ಟಿದ ಜಾಗ ಎಂದು ಅರ್ಥ ಹೇಳುತ್ತಾರೆ. ನಡುವಿನ ದೊಡ್ಡ ರಸ್ತೆಯ ಪಕ್ಕದ ದಿಬ್ಬಗಳನ್ನು ಗೋರಿಗಳೆಂದು ತಿಳಿದು ಅದಕ್ಕೆ ಸತ್ತವರ ಬೀದಿ ಎಂದರು. ಅವು ಗೋರಿಗಳಲ್ಲ, ಕಟ್ಟಡಗಳ ಕಟ್ಟೆಗಳು. ಒಂದು ಲಕ್ಷ ಜನರಿದ್ದ ನಗರ, ಅಲ್ಲಿನವರು ಅದನ್ನು ಏನೆಂದು ಕರೆಯುತ್ತಿದ್ದರೋ ಯಾರಿಗೂ ತಿಳಿಯದು. ಯಾವ ಭಾಷೆ ಆಡುತ್ತಿದ್ದರು ಎಂಬ ವಾದವೂ ವಿದ್ವಾಂಸರ ನಡುವೆ ಮುಗಿದಿಲ್ಲ.

ಆ ಹುಡುಗನ ಮುಖ ನೆನಪಾಯಿತು. ಅವನು ವಾದ ಮಾಡಿರಲಿಲ್ಲ, ಸುಮ್ಮನೆ ಕೂತಿದ್ದ.

ಗೈಡ್ ಆಮೇಲೆ ಒಂದು ಗೋಡೆಯ ಹತ್ತಿರ ಕರೆದುಕೊಂಡು ಹೋದರು. ದೊಡ್ಡ ಕಲ್ಲುಗಳ ನಡುವಿನ ಗಾರೆಯಲ್ಲಿ ಚಿಕ್ಕ ಚಿಕ್ಕ ಕಲ್ಲುಗಳನ್ನು ಸಾಲಾಗಿ ಒತ್ತಿದ್ದರು. ನಾನು ಅಲಂಕಾರ ಅಂದುಕೊಂಡೆ. ಅಲ್ಲವಂತೆ, ನಮ್ಮ ಕಾಲದವರು ಮತ್ತೆ ಕಟ್ಟಿದ ಭಾಗಕ್ಕೆ ಅದು ಗುರುತು. ಗುರುತು ಹಾಕಲು ಕಾರಣವೂ ಇದೆ. 1905ರಿಂದ ಲಿಯೊಪೋಲ್ಡೊ ಬಾಟ್ರೆಸ್ ಎಂಬವರು ಸರ್ಕಾರದ ಪರವಾಗಿ ಸೂರ್ಯ ಪಿರಮಿಡ್ ಅಗೆಸಿದರು. 1910ಕ್ಕೆ ದೇಶದ ಸ್ವಾತಂತ್ರ್ಯ ಹೋರಾಟಕ್ಕೆ ನೂರು ವರ್ಷ, ಅಷ್ಟರಲ್ಲಿ ಮುಗಿಸುವ ಅವಸರ. ಹೊರಮೈಯನ್ನು ಹಲವು ಮೀಟರ್ ಕಿತ್ತುಹಾಕಿದರು. ಇಂದು ಕಾಣುವುದು ಮೊದಲಿನ ಆಕಾರವಲ್ಲ. ನನಗೆ ಅಂದು ಪಿರಮಿಡ್‌ಗಿಂತ ಆ ಚಿಕ್ಕ ಕಲ್ಲುಗಳನ್ನೇ ಹೆಚ್ಚು ಹೊತ್ತು ನೋಡಬೇಕೆನಿಸಿತು.

ಗರಿಸರ್ಪದ ಪಿರಮಿಡ್ ನೋಡುವಾಗ ಮನಸ್ಸು ಕೆಟ್ಟಿತು. ಅದನ್ನು ಕಟ್ಟುವಾಗ ಬಲಿ ಕೊಟ್ಟು ಹೂತ ನೂರಾರು ಜನರ ಅಸ್ಥಿಗಳು ಸಿಕ್ಕಿವೆ. ಅನೇಕರ ಕೈಗಳನ್ನು ಹಿಂದಕ್ಕೆ ಕಟ್ಟಲಾಗಿತ್ತಂತೆ. ಇದನ್ನು ಬಿಟ್ಟು ಬರೀ ಹೊಗಳಿ ಬರೆಯಲು ನನ್ನಿಂದಾಗದು.

ಮರದ ನೆರಳಲ್ಲಿ ಕೂತು ಆಪಾ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಗೈಡ್‌ಗೂ ಕೊಟ್ಟೆವು. ಹಿಂಡಿಯ ಖಾರಕ್ಕೆ ಅವರಿಗೆ ಏನೂ ಆಗಲಿಲ್ಲ, ಮೆಣಸಿನಕಾಯಿ ಅವರ ದೇಶದ್ದೇ ಅಲ್ಲವೇ. ಆಗ ಅವರು ಹೇಳಿದ ಒಂದು ಸಂಗತಿ ಮರೆಯಲಾರೆ. ಈ ನಗರದ ಪಶ್ಚಿಮದ ಅಂಚಿನಲ್ಲಿ ನೂರಾರು ಕಿಲೋಮೀಟರ್ ದೂರದ ಓಹಾಕಾ ಕಡೆಯಿಂದ ಬಂದವರ ಕೇರಿ ಇತ್ತು. ಅವರು ಇಲ್ಲಿನ ಮನೆಗಳಂಥ ಮನೆಗಳಲ್ಲೇ ಇದ್ದರು. ಆದರೆ ಮಡಕೆಗಳನ್ನು ತಮ್ಮೂರಿನ ರೀತಿಯಲ್ಲೇ ಮಾಡುತ್ತಿದ್ದರು, ಸತ್ತವರನ್ನು ತಮ್ಮೂರಿನ ರೀತಿಯಲ್ಲೇ ಹೂಳುತ್ತಿದ್ದರು. ಒಂದೆರಡು ವರ್ಷವಲ್ಲ, ತಲೆತಲಾಂತರ. ದುಲ್ಹಾಭಾಯಿ ನನ್ನ ಕಡೆ ನೋಡಿ ನಕ್ಕರು. ಅಮ್ಮಿ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಮೊದಲು ಇಟ್ಟದ್ದು ರೊಟ್ಟಿ ಹಂಚು. ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆಸಿ, ತಿರುಗಿಸಿ ನೋಡಿದ್ದರು.

ಕಾಲೇಜು ಶುರುವಾದ ವಾರವೇ ಆ ಹುಡುಗನನ್ನು ಗ್ರಂಥಾಲಯದಲ್ಲಿ ಹುಡುಕಿ ಎಲ್ಲವನ್ನೂ ಹೇಳಿದೆ. ಅವನು, "ಇರಲಿ ಬಿಡು, ಫೋಟೋ ತೋರಿಸು" ಅಂದ. ಸುಮಾರು ಹೊತ್ತು ನೋಡಿದ. ಚಿಕ್ಕ ಕಲ್ಲುಗಳ ಫೋಟೋವನ್ನು ಬೆರಳಿಂದ ದೊಡ್ಡದು ಮಾಡಿ ನೋಡಿದ. ಇತಿಹಾಸದ ಸರ್ ಬಳಿ ಹೋಗಿ ಅಂಕ ತಿದ್ದಬೇಕೆಂದು ಕೇಳಿದಾಗ ಅವರು, "ನನ್ನ ಹತ್ತಿರ ಯಾಕೆ ಹೇಳ್ತೀಯಾ? ಎಲ್ಲರೆದುರು ತಪ್ಪು ಅಂದಿದ್ದೀಯಾ, ಎಲ್ಲರೂ ಓದುವ ಕಡೆ ಬರಿ" ಅಂದರು.

ಬರೆದಿದ್ದೇನೆ. ಕಲಾ ವಿಭಾಗಕ್ಕೆ ಹತ್ತು ಅಂಕ ಸೇರಬೇಕು, ನಮ್ಮದರಲ್ಲಿ ಐದು ಕಳೆಯಬೇಕು. ಕಪ್ ನಮ್ಮ ತರಗತಿಯ ಕಪಾಟಿನಲ್ಲಿದೆ. ಬೀಗದ ಕೈ ನಮ್ಮ ಲೀಡರ್ ಬಳಿ ಇದೆ, ಅವನು ಇನ್ನೂ ಒಪ್ಪಿಲ್ಲ.