ಸಮುದ್ರ ಇಲ್ಲದ ಜಿಲ್ಲೆಯಿಂದ ಬೀಚ್ ರಿಸಾರ್ಟಿಗೆ: 3 ದಿನ, ನಾನು, ನಮ್ಮವ್ವ

1/9
ನಮ್ಮ ಕೊಪ್ಪಳ ಜಿಲ್ಲೆಗೆ ಸಮುದ್ರ ಇಲ್ಲ. ಡ್ಯಾಮಿನ ಹಿನ್ನೀರು ಐತಿ, ಸಾಣಾಪುರ ಕೆರೆ ಐತಿ, ಗಂಗಾವತಿ ಕಡೆ ಕಾಲುವೆ ಐತಿ. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಬಂದ್ರೆ ಅದೂ ಇಲ್ಲ, ಬೋರ್‌ವೆಲ್ಲು, ಇಲ್ಲಾಂದ್ರ ಮೋಡ ನೋಡ್ಕೊಂತ ಕೂಡೋದು. ಹಂಗಾಗಿ ಕ್ಲಾಸಿನಾಗ ಯಾರಾದ್ರೂ "ಬೀಚ್ ರಿಸಾರ್ಟ್" ಅಂದ್ರೆ ಎಲ್ಲರ ತಲಿಗೂ ಬರೋದು ಗೋವಾ, ಅದರ ಹಿಂದಿನ ಮಾತು "ರೊಕ್ಕ ಎಲ್ಲೈತಿ?"

ಜನವರಿಯಲ್ಲಿ ಐದನೇ ಸೆಮ್ ಪರೀಕ್ಷೆ ಮುಗಿದ ಮೇಲೆ ನಮ್ಮವ್ವನ್ನ ಕರ್ಕೊಂಡು ಗೋಕರ್ಣಕ್ಕೆ ಹೋಗಿ 3 ದಿನ ಇದ್ದು ಬಂದೆ. ಸ್ಟೋರಿ ನೋಡಿ ಭಾಳ ಮಂದಿ ಮೆಸೇಜ್ ಮಾಡಿದ್ರಿ. ಹೆಂಗ ಹೋದಿ, ಎಷ್ಟಾತು, ಏನೇನು ನೋಡಿದಿ, ಅವ್ವನ್ನ ಯಾಕ ಕರ್ಕೊಂಡು ಹೋದಿ ಅಂತ. ಒಬ್ಬೊಬ್ಬರಿಗೇ ಹೇಳೋಕಿಂತ ಇಲ್ಲೇ ಬರೀತೀನಿ. ಬೇಕಾದವರು ಸೇವ್ ಮಾಡಿಟ್ಕೊಳ್ರಿ.

2/9 ದಾರಿ
ಒಂದು ವಿಷಯ ಗೊತ್ತೇನ್ರಿ? ಕೊಪ್ಪಳದ ಮುಂದೆ ಹಾದು ಹೋಗೋ ಹೆದ್ದಾರಿಗೆ ಮೊದಲು 63 ಅಂತ ನಂಬರ್ ಇತ್ತು. ಆ ಹೆದ್ದಾರಿ ಶುರುವಾಗ್ತಿದ್ದದ್ದೇ ಅಂಕೋಲಾದ ಸಮುದ್ರದ ದಂಡಿಯಿಂದ. ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ ಆಂಧ್ರದ ಗುತ್ತಿಗೆ ಮುಟ್ಟುತ್ತಿತ್ತು. ಈಗ ನಂಬರ್ ಬದಲಾಗಿವೆ, ದಾರಿ ಅದೇ ಐತಿ.

ನಾವು ಕುಷ್ಟಗಿಯಿಂದ ರೈಲು ಹತ್ತಿದ್ವಿ. ನಮ್ಮೂರಿಗೆ ರೈಲು ಬಂದದ್ದೇ 2025ರ ಮೇ ತಿಂಗಳಲ್ಲಿ. ಯಲಬುರ್ಗಾ, ಕುಕನೂರು, ತಳಕಲ್, ಗದಗ ಮೇಲೆ ಹುಬ್ಬಳ್ಳಿಗೆ ಹೋಗುತ್ತೆ. ಅವ್ವಗ ಅದೇ ಮೊದಲ ರೈಲು ಪ್ರಯಾಣ, ಗದಗ ಬರೋತನಕ ಕಿಟಕಿ ಬಿಡಲಿಲ್ಲ. ಹುಬ್ಬಳ್ಳಿಯಿಂದ ಮುಂದೆ ಕೆಂಪು ಬಸ್ಸು. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದ್ರೆ ಅಂಕೋಲಾ, ಅಲ್ಲಿಂದ ಗೋಕರ್ಣ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಮಾತು 1990ರ ದಶಕದಿಂದ ನಡದೈತಿ, ಕಾಡಿನ ವಿಚಾರಕ್ಕೆ ನಿಂತೈತಿ. ಹಂಗಾಗಿ ಸದ್ಯಕ್ಕೆ ಬಸ್ಸೇ ಗತಿ.

ಹುಡುಗಿಯರಿಗೆ ಒಂದು ಮಾತು: ಶಕ್ತಿ ಯೋಜನೆ ಸಾದಾ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ. ರಾಜಹಂಸ, ಸ್ಲೀಪರಿಗೆ ನಡೆಯಲ್ಲ. ಆಧಾರ್ ಕಾರ್ಡ್ ಕೈಯಾಗ ಇರಲಿ.

3/9 ರಿಸಾರ್ಟ್ ಅಂದ್ರ ಏನು?
ನಾವು ರೀಲ್ಸಿನಾಗ ನೋಡೋದು ಒಂದು, ಅಲ್ಲಿರೋದು ಒಂದು. ನಮಗೆ ಸಿಕ್ಕಿದ್ದು ತೆಂಗಿನ ತೋಟದ ನಡುವೆ ಹೆಂಚಿನ ಸಣ್ಣ ರೂಮು, ಮುಂದೆ ಜಗುಲಿ, ಹಗ್ಗದ ಜೋಲಿ. ಇಷ್ಟಕ್ಕೇ ಹೋಗಬಹುದು ಅನ್ನಿಸ್ತು, ಸತ್ಯವಾಗಲೂ.

ಬುಕ್ ಮಾಡೋ ಮೊದಲು ಫೋನ್ ಮಾಡಿ 4 ಪ್ರಶ್ನೆ ಕೇಳ್ರಿ. ನಾಷ್ಟಾ ರೂಮಿನ ರೇಟಿನಾಗ ಸೇರೈತೋ ಇಲ್ಲೋ? ಬೆಳಿಗ್ಗೆ ಬೇಗ ಬಂದ್ರೆ ಲಗೇಜ್ ಇಡಾಕ ಜಾಗ ಕೊಡ್ತೀರೇನು? ಬೀಚಿಗೆ ನಡ್ಕೊಂಡು ಎಷ್ಟು ನಿಮಿಷ? ಕ್ಯಾನ್ಸಲ್ ಮಾಡಿದ್ರ ರೊಕ್ಕ ವಾಪಸ್ ಬರ್ತೈತೇನು? "ಬೀಚ್ ವ್ಯೂ" ಅಂತ ಬರೆದಿದ್ರೆ ಯಾವ ಕಿಟಕಿಯಿಂದ ಅಂತನೂ ಕೇಳ್ರಿ. ಶನಿವಾರ, ರವಿವಾರ ಬಿಟ್ಟು ನಡುವಾರ ಹೋದ್ರೆ ರೇಟು ಇಳೀತೈತಿ.

ಇನ್ನೊಂದು. ಪೂಲಿನ ಪಕ್ಕ ಬೋರ್ಡ್ ಇತ್ತು, ಈಜುಡುಗೆ ಇಲ್ಲದೆ ಇಳಿಯಬಾರದು ಅಂತ. ಅವ್ವ ಸೀರಿ ಒಂಚೂರು ಎತ್ತಿ ಕಾಲು ಇಳಿಬಿಟ್ಟು ಕೂತಿದ್ಲು ಅಷ್ಟೇ. ಒಬ್ಬ ಹುಡುಗ ಬಂದು "ಆಂಟಿ, ಇಲ್ಲಿ ಅಲೋ ಇಲ್ಲ" ಅಂದ. ಅವ್ವ ಎದ್ದು, "ನಡಿಯವಾ, ದೊಡ್ಡ ನೀರಿಗೇ ಹೋಗೂಣು" ಅಂದ್ಲು. ಸಮುದ್ರಕ್ಕೆ ಯಾರೂ ಡ್ರೆಸ್ ಕೋಡ್ ಬರೆದಿಲ್ಲ.

4/9 ದಂಡಿ
ಗೋಕರ್ಣದಾಗ ಬೀಚು ಒಂದಲ್ಲ. ಊರಿನ ಮುಂದಿನದು ಮುಖ್ಯ ಬೀಚು. ಗುಡ್ಡ ದಾಟಿದ್ರೆ ಕುಡ್ಲೆ. ಅದರಾಚೆ ಓಂ ಬೀಚ್, ಮೇಲಿಂದ ನೋಡಿದ್ರೆ ಎರಡು ಕಮಾನು ಕೂಡಿ ಓಂ ಆಕಾರ ಕಾಣುತ್ತೆ. ಅದರ ಮುಂದೆ ಹಾಫ್ ಮೂನ್, ಪ್ಯಾರಡೈಸ್. ಇವೆರಡಕ್ಕೆ ಗುಡ್ಡದ ಕಾಲುದಾರಿ, ಇಲ್ಲಾ ದೋಣಿ. ನಡೆಯೋರು ಬೆಳಿಗ್ಗೆನೇ ಹೊರಡ್ರಿ, ನೀರಿನ ಬಾಟಲಿ ಒಯ್ರಿ, ಕತ್ತಲಾಗೋ ಮೊದಲು ವಾಪಸ್ ಬರ್ರಿ. ಅವ್ವನ ಮೊಣಕಾಲಿಗೆ ಆಗೋದಿಲ್ಲ ಅಂತ ನಾವು ಓಂ ಬೀಚಿಗೆ ಆಟೋ, ಅಲ್ಲಿಂದ ದೋಣಿ ಮಾಡಿದ್ವಿ.

ಮೊದಲ ದಿನ ಸಂಜೆ ನೀರು ಮೆಟ್ಟಿಲ ತನಕ ಬಂದಿತ್ತು. ಮರುದಿನ ಬೆಳಿಗ್ಗೆ ನೋಡಿದ್ರೆ ಅಷ್ಟು ದೂರ ಸರಿದೈತಿ. ಅವ್ವ ಗಾಬರಿ: "ನೀರು ಎಲ್ಲಿ ಹೋತ? ಗೇಟ್ ತೆಗದಾರೇನು?" 2024ರ ಆಗಸ್ಟಿನಾಗ ನಮ್ಮ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗಿಂದ ಅವ್ವಗ ನೀರು ಕಡಿಮೆ ಆತು ಅಂದ್ರ ಗೇಟೇ ನೆನಪು. ಇದು ಉಬ್ಬರ ಇಳಿತ, ಚಂದ್ರ ಎಳೀತಾನ, ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳೀತೈತಿ ಅಂತ ಹೇಳಿದೆ. ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗುತ್ತೆ. ನೀರು ಇಳಿದ ಹೊತ್ತಿನಾಗ ಹೋದ್ರೆ ಬಂಡೆ ಸಂದಿನ ಏಡಿ, ಚಿಪ್ಪು ಎಲ್ಲಾ ಸಿಗುತ್ತವೆ. ರೂಮಿನಾಗ ಮಲಗೋದು ಬಿಟ್ಟು ಇದನ್ನ ನೋಡ್ರಿ, ಇದಕ್ಕೆ ಟಿಕೆಟ್ ಇಲ್ಲ.

5/9 ಇದನ್ನ ಮಾತ್ರ ಸ್ಕಿಪ್ ಮಾಡಬ್ಯಾಡ್ರಿ
ನಮ್ಮ ಕಡೆ ಹುಡುಗರು ಬಾವ್ಯಾಗ ಈಜು ಕಲಿತವರು. "ನಂಗ ಈಜು ಬರ್ತೈತಿ" ಅನ್ನೋ ಧೈರ್ಯ ಇರುತ್ತೆ. ಬಾವಿ ನೀರು ನಿಂತ ನೀರು. ಸಮುದ್ರ ಎಳೀತೈತಿ.

ಅಲೆಗಳು ಒಡೆಯೋ ಸಾಲಿನ ನಡುವೆ ಒಂದು ಕಡೆ ಅಲೆನೇ ಇಲ್ಲದಂಗ ಸಮಾಧಾನವಾಗಿ ಕಂಡ್ರೆ, ಅಲ್ಲಿಳಿಯೋದು ಚಲೋ ಅನ್ಸುತ್ತೆ. ಎಷ್ಟೋ ಸಲ ಅದೇ ಅಪಾಯದ ಜಾಗ. ದಂಡಿಗೆ ಬಂದ ನೀರು ಅದೇ ಸಂದಿನಿಂದ ಒಳಕ್ಕೆ ವಾಪಸ್ ಹರಿಯುತ್ತಿರುತ್ತೆ. ಅದರಾಗ ಸಿಕ್ಕರೆ ದಂಡಿ ಕಡೆ ನೇರ ಈಜಿ ಸುಸ್ತಾಗಬ್ಯಾಡ್ರಿ. ತೇಲ್ರಿ, ಕೈ ಎತ್ತಿ ಕೂಗ್ರಿ, ದಂಡಿಗುಂಟ ಅಡ್ಡ ಈಜಿ ಆ ಸೆಳೆತದಿಂದ ಹೊರಗೆ ಬಂದಮೇಲೆ ದಂಡಿ ಕಡೆ ಬರ್ರಿ. ಈಜು ಬರದವರು ಮೊಣಕಾಲು ಮಟ್ಟ ದಾಟಲೇಬ್ಯಾಡ್ರಿ. ಕೆಂಪು ಬಾವುಟ ಇದ್ರೆ ಇಳಿಯಂಗಿಲ್ಲ. ಲೈಫ್‌ಗಾರ್ಡ್ ಸೀಟಿ ಊದಿದ್ರೆ ಜಗಳ ಬ್ಯಾಡ, ಹೊರಗೆ ಬರ್ರಿ. ಮಳೆಗಾಲದಾಗ ಅಂತೂ ದೂರದಿಂದ ನೋಡಿ ಬರೋದೇ ಸರಿ.

2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ 4 ಹುಡುಗಿಯರು ನೀರುಪಾಲಾದರು. ಅವರೂ ನಮ್ಮಂಗೇ ಸಮುದ್ರ ಇಲ್ಲದ ಜಿಲ್ಲೆಯವರು, ಕೋಲಾರದ ಕಡೆಯವರು. ಬಯಲುಸೀಮೆ ಮಕ್ಕಳಿಗೆ ಯಾರೂ ಇದನ್ನ ಮೊದಲೇ ಹೇಳಿಕೊಡೋದಿಲ್ಲ. ಅದಕ್ಕೆ ಇಷ್ಟುದ್ದ ಬರೆದೆ.

6/9 ಉಪ್ಪು, ಮೆಣಸು, ಕುದುರೆ
ಗೋಕರ್ಣಕ್ಕೆ ಬರೋ ದಾರಿಯಾಗ ಸಾಣಿಕಟ್ಟಾ ಅಂತ ಊರು. ಅಲ್ಲಿ ಉಪ್ಪಿನ ಗದ್ದೆಗಳು. ಮಡಿ ಮಾಡಿ ಸಮುದ್ರದ ನೀರು ಬಿಡ್ತಾರ, ಬಿಸಿಲಿಗೆ ನೀರು ಆರಿ ಉಪ್ಪು ಉಳೀತೈತಿ, ಎಳೆದು ಗುಡ್ಡೆ ಹಾಕ್ತಾರ. ಅವ್ವ ನಿಂತು ನೋಡಿ "ನಮ್ಮ ಹೊಲದಾಗ ನೀರು ಆರಿದ್ರ ಬೆಳಿ ಹೋಗ್ತೈತಿ, ಇವರಿಗೆ ಆರಿದ್ರೇ ಬೆಳಿ" ಅಂದ್ಲು. ಎಕನಾಮಿಕ್ಸ್ ಕ್ಲಾಸಿನಾಗ ಇಷ್ಟು ಸ್ವಚ್ಛ ಯಾರೂ ಹೇಳಿಲ್ಲ. ಇದೇ ಸೀಮೆಯ ಅಂಕೋಲಾದಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು.

ಕುಮಟಾ ಕಡೆ ಹೋದ್ರೆ ಮಿರ್ಜಾನ್ ಕೋಟೆ. ಕೆಂಪು ಜಂಬಿಟ್ಟಿಗೆ ಕಲ್ಲು, ಮೈಮೇಲೆಲ್ಲಾ ಹಸಿರು ಪಾಚಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡೈತಿ. ಆಕೆಯ ಮೆಣಸಿನ ವ್ಯಾಪಾರ ನೋಡಿ ಪೋರ್ಚುಗೀಸರು ಮೆಣಸಿನ ರಾಣಿ ಅಂತಿದ್ರು. ಗಂಗಾವತಿಯವರೇ, ಇದು ನಿಮಗೂ ಸಂಬಂಧ. ಆನೆಗೊಂದಿ, ಹಂಪಿಯ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಇಳೀತಿದ್ದದ್ದು ಇದೇ ಕರಾವಳಿಯ ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿ. ಸಮುದ್ರಕ್ಕೂ ನಮಗೂ ಹಳೇ ಲೆಕ್ಕ ಐತಿ.

7/9 ಕೊನೇ ದಿನ
ಹೊನ್ನಾವರದ ಹತ್ತಿರ ಕಾಸರಕೋಡ ಬೀಚ್. 2020ರಲ್ಲಿ ಪಡುಬಿದ್ರಿ ಜೊತೆ ಇದಕ್ಕೂ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ತು. ಅಂದ್ರೆ ನೀರಿನ ಸ್ವಚ್ಛತೆ, ಸುರಕ್ಷತೆ ಪರೀಕ್ಷೆ ಮಾಡಿ ಕೊಡೋ ಅಂತರರಾಷ್ಟ್ರೀಯ ಗುರುತು. ಅಲ್ಲೇ ಶರಾವತಿ ಸಮುದ್ರ ಸೇರೋ ಕಡೆ ಕಾಂಡ್ಲಾ ಕಾಡಿನ ನಡುವೆ ಮರದ ಕಾಲುದಾರಿ ಮಾಡ್ಯಾರ, ನಡೀರಿ. ಮುರುಡೇಶ್ವರದ 123 ಅಡಿ ಶಿವ ಎಲ್ಲರಿಗೂ ಗೊತ್ತು. ಅಲ್ಲಿ ಗೋಪುರಕ್ಕೆ ಲಿಫ್ಟ್ ಐತಿ, ಮೇಲಿಂದ ಸಮುದ್ರ ನೋಡ್ರಿ.

ಊಟ: ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡು ಬಂದಿದ್ಲು. ನಾನು ಬನ್ಸ್ ತಿಂದೆ, ಮುರುಗಲು ಪಾನಕ ಕುಡಿದೆ. ಎರಡನೇ ದಿನ ಅವ್ವನೂ ಬನ್ಸಿಗೆ ಶೇಂಗಾ ಚಟ್ನಿ ಹಚ್ಕೊಂಡು ತಿಂದ್ಲು. ಟ್ರೈ ಮಾಡ್ರಿ.

8/9 ಅವ್ವನ್ನ ಯಾಕ ಕರ್ಕೊಂಡು ಹೋದಿ?
ನಮ್ಮವ್ವ ಬೀಜದ ಪ್ಲಾಟಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗ್ತಾಳ. ನಮ್ಮ ಕಡೆಯವರಿಗೆ ಗೊತ್ತು, ಒಂದೊಂದೇ ಹೂವಿಗೆ ಬಗ್ಗಿ ಪರಾಗ ಮುಟ್ಟಿಸೋದು. ಅಪ್ಪ 6 ವರ್ಷ ಮಂಗಳೂರಾಗ ಸೆಂಟ್ರಿಂಗ್ ಕೆಲಸ ಮಾಡಿದ. ಯುಗಾದಿಗೆ, ಜಾತ್ರಿಗೆ ಬರ್ತಿದ್ದ. ಸಣ್ಣಾಕಿದ್ದಾಗ ನಾನು "ಸಮುದ್ರ ಹೆಂಗೈತಪ್ಪಾ" ಅಂದ್ರೆ "ದೊಡ್ಡದೈತಿ" ಅಂತಿದ್ದ, ಅಷ್ಟೇ. ಈ ಸಲ ಅಪ್ಪನ್ನೂ ಕರೆದೆ. "ನಾ ನೋಡೇನಿ ಬಿಡು, ಎತ್ತು ಯಾರು ನೋಡ್ಬೇಕು" ಅಂದ.

ನಮ್ಮ ರಿಸಾರ್ಟಿನ ಹಿಂದೆ ಹೊಸ ರೂಮು ಕಟ್ಟುತ್ತಿದ್ರು. ಅವ್ವ ಮಾತು ಕೇಳಿ ನಿಂತ್ಲು. ನಮ್ಮ ಮಾತು! "ಯಾವೂರ್ರೀ ಅಣ್ಣ?" ಯಲಬುರ್ಗಾ ಕಡೆಯವರು, ಮೂರು ಮಂದಿ. ಅವ್ವ ರೊಟ್ಟಿ ಕೊಟ್ಲು. "ನಿಮ್ಮ ಹೆಂಡ್ತಿ ಮಕ್ಕಳು ಸಮುದ್ರ ನೋಡ್ಯಾರೇನ್ರಿ?" ಅಂತ ಕೇಳಿದ್ಲು. "ಇಲ್ಲಬೇ, ರೂಮಿನ ಬಾಡಿಗಿ ಕೇಳಿಯೇನು?" ಅಂತ ನಕ್ಕ್ರು. ತಾವೇ ಕಟ್ಟೋ ರೂಮು ಅದು.

ಸಂಜೆ ದಂಡಿಯಿಂದ ಅಪ್ಪಗ ವಿಡಿಯೋ ಕಾಲ್ ಮಾಡಿದೆ. ಅಪ್ಪ ಬಹಳ ಹೊತ್ತು ಸುಮ್ನೆ ನೋಡಿದ. ಆಮೇಲೆ "ನಾ ಮ್ಯಾಲಿಂದ ನೋಡಿದ್ದೆ. ಒಂಬತ್ತನೇ ಸ್ಲ್ಯಾಬಿನ ಮ್ಯಾಲಿಂದ. ದಂಡಿಗೆ ನಿಂತ್ರ ಹಿಂಗ ಕಾಣ್ತೈತೇನು?" ಅಂದ. 6 ವರ್ಷ ಆ ಊರಾಗ ಇದ್ರೂ ಅಪ್ಪ ಒಂದು ದಿನಾನೂ ನೀರಿಗೆ ಕಾಲಿಟ್ಟಿಲ್ಲ. ರವಿವಾರ ಅರಿವಿ ಒಗಿಯೋದು, ಸಂತಿ ಮಾಡೋದು, ಮಲಗೋದು. ನಮ್ಮ ಕಡೆಯವರು ಸಮುದ್ರದ ಹತ್ತಿರ ಹೋಗಿಲ್ಲ ಅಂತಲ್ಲ. ದುಡಿಯಾಕ ಹೋಗ್ಯಾರ, ನೋಡಾಕ ಹೋಗಿಲ್ಲ.

9/9 ಲೆಕ್ಕ
ಬಿಕಾಂನಾಕಿ, ಲೆಕ್ಕ ಕೊಡದೆ ಮುಗಿಸಂಗಿಲ್ಲ. ಸಂಜೆ ಕಿರಾಣಿ ಅಂಗಡಿಯಲ್ಲಿ ಟ್ಯಾಲಿ ಎಂಟ್ರಿ ಮಾಡಿ ತಿಂಗಳಿಗೆ 1,250ರಂತೆ 8 ತಿಂಗಳು ಎತ್ತಿಟ್ಟೆ: 10,000 ರೂಪಾಯಿ.

ರೂಮು, 2 ರಾತ್ರಿ: 5,600
ರೈಲು, ಆಟೋ: 1,150
ಊಟ, ನಾಷ್ಟಾ: 1,900
ದೋಣಿ: 600
ಟಿಕೆಟ್, ಸಣ್ಣಪುಟ್ಟ: 350
ಬಸ್ಸು: 0
ಒಟ್ಟು: 9,600. ಉಳಿದದ್ದು 400.

ಆ 400 ಹೊಸ ಡಬ್ಬಿಗೆ ಹಾಕೀನಿ. ಈ ಸಲ ಡಬ್ಬಿ ಅಪ್ಪನ ಹೆಸರಿಗೆ. ಎತ್ತು ನೋಡ್ಕೊಳ್ಳಾಕ ಕಾಕಾಗ ಈಗಲೇ ಹೇಳೀನಿ, ಅವನು ಹೂಂ ಅಂದಾನ.

ನಿಮ್ಮ ಮನಿಯಾಗೂ ಮಂಗಳೂರು, ಉಡುಪಿ, ಗೋವಾಕ್ಕೆ ದುಡಿಯಾಕ ಹೋಗಿ ಬಂದವರು ಇದ್ದೇ ಇರ್ತಾರ. ಅಪ್ಪ, ಕಾಕಾ, ಅಣ್ಣ, ಯಾರಾದ್ರೂ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಕೇಳ್ರಿ, ಸಮುದ್ರದಾಗ ಕಾಲಿಟ್ಟಿದ್ರೇನು ಅಂತ. ಅವರು ಹೇಳಿದ್ದನ್ನ ಕಮೆಂಟಿನಾಗ ಬರೀರಿ, ಎಲ್ಲಾ ಓದ್ತೀನಿ.

#ಕೊಪ್ಪಳ #ಕುಷ್ಟಗಿ #ಯಲಬುರ್ಗಾ #ಗಂಗಾವತಿ #ಗೋಕರ್ಣ #ಅವ್ವನಜೊತೆ