ಬಾಕಿ ಉಳಿದ ಬಾನಿ

ಉಳ್ಳವರ ಮನೆ ಪಾಲಾಗುವಾಗ ಬೆಳ್ಳಿ ತಂಬಿಗೆ, ಬಂಗಾರದ ಡಾಬು, ಅಜ್ಜಿಯ ರೇಷ್ಮೆ ಸೀರೆ ಲೆಕ್ಕಕ್ಕೆ ಬರುತ್ತವೆ. ನಮ್ಮ ಮನೆ ಖಾಲಿ ಮಾಡಿದಾಗ ಏನು ಸಿಕ್ಕಿತು ಅನ್ನೋದನ್ನೂ ಬರೆದಿಡಬೇಕು ಅನ್ನಿಸಿತು. ಇಂಥ ಪಟ್ಟಿ ನಮ್ಮವರು ಬರೆದಿಟ್ಟದ್ದು ಕಡಿಮೆ.

ನಮ್ಮದು ಬಳ್ಳಾರಿ ತಾಲ್ಲೂಕಿನ ಮೋಕ. ಹಗರಿ ದಂಡೆಯ ಊರು. ಪುಸ್ತಕದಲ್ಲಿ ಅದು ವೇದಾವತಿ, ನಮ್ಮ ಬಾಯಲ್ಲಿ ಹಗರಿ. ಮಾದಿಗರ ಕೇರಿಯ ನಮ್ಮ ಮಣ್ಣಿನ ಮಾಳಿಗೆ ಮನೆ ಎರಡು ಮಳೆಗಾಲ ಹೇಗೋ ತಡೆಯಿತು, ಮೂರನೆಯದಕ್ಕೆ ಹಿಂದಿನ ಗೋಡೆ ಕುಸಿಯಿತು. ಮಂಜೂರಾದ ಹೊಸ ಮನೆ ಅಂದರೆ ಒಂದು ಪಡಸಾಲೆ, ಒಂದು ಅಡಿಗೆಕೋಣೆ. ಅಟ್ಟ ಇಲ್ಲ, ಹಿತ್ತಲು ಇಲ್ಲ. ಅಕ್ಕ, ತಂಗಿ, ಅಣ್ಣ, ತಮ್ಮ, ನಾವು ನಾಲ್ವರೂ ಕೂಡಿ ಅವ್ವನ ಸಾಮಾನು ಆರಿಸಲಿಕ್ಕೆ ಕೂತೆವು.

ತೂತು ಬಿದ್ದ ಅಲ್ಯೂಮಿನಿಯಂ ಬೋಗುಣಿ, ಬೀಸುಕಲ್ಲು, ಐದು ಕೌದಿ. ಟ್ರಂಕಿನ ತಳದಲ್ಲಿ ಅಪ್ಪನ ಶಾಲೆಯ ಕಾಗದ, ಹುಟ್ಟಿದ ದಿನ ಜೂನ್ 1. (ನಮ್ಮ ಕೇರಿಯ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು. ಮೇಷ್ಟ್ರೇ ನಮಗೆ ಬ್ರಹ್ಮ!) ಇದೆಲ್ಲ ಸಲೀಸಾಗಿ ಮುಗಿಯಿತು. ಅಟ್ಟದ ಮೂಲೆಯ ಗೋಣಿ ಬಿಚ್ಚಿದಾಗ ಮಾತು ನಿಂತಿತು. ತಾತನ ರಂಪಿಗೆ, ಉಳಿ, ಕೊಡತಿ, ಒಂದು ಮಾರು ಮಿಣಿ. ಅದರಡಿ ಒಣಗಿ ಹಪ್ಪಳವಾಗಿದ್ದ ಕಪಿಲೆ ಬಾನಿ, ಅಂಚಿಗೆ ಇಲಿ ಕಡಿದದ್ದು.

ಈಗಿನ ಹುಡುಗರಿಗೆ ಕಪಿಲೆ ಗೊತ್ತಿಲ್ಲ. ಬಾವಿಯ ಬಾಯಿಗೆ ಗಾಲಿ, ಗಾಲಿಯ ಮೇಲೆ ಹಗ್ಗ. ಎತ್ತು ಇಳಿಜಾರು ಇಳಿದರೆ ತೊಗಲಿನ ಬಾನಿ ಮೇಲೇರುತ್ತದೆ. ಇನ್ನೊಂದು ಸಣ್ಣ ಹಗ್ಗ ಬಾನಿಯ ಸೊಂಡಿಲನ್ನು ಮಡಿಸಿ ಹಿಡಿದಿರುತ್ತದೆ, ಮೇಲೆ ಬಂದಾಗ ಸೊಂಡಿಲು ಚಾಚಿ ನೀರು ಕಾಲುವೆಗೆ ಸುರಿಯುತ್ತದೆ. ಬಾವಿ ಅವರದು, ಎತ್ತು ಅವರವು, ತೋಟ ಅವರದು. ಬಾನಿ, ಮಿಣಿ, ಬಾರುಕೋಲು ನಮ್ಮ ಕೈಯವು. ಸತ್ತ ಎಮ್ಮೆ ಹೊತ್ತು ತಂದು ಸುಲಿಯಬೇಕು, ಸುಣ್ಣದ ನೀರಲ್ಲಿ ನೆನೆಸಿ ಕೂದಲು ಕೆರೆಯಬೇಕು, ತಂಗಡಿ ತೊಗಟೆಯ ರಸದಲ್ಲಿ ದಿನಗಟ್ಟಲೆ ಹದ ಹಾಕಬೇಕು, ಆಮೇಲೆ ಹೊಲಿಗೆ. ತಂಗಡಿ ಅಂದರೆ ಮೈಸೂರು ಕಡೆಯವರ ಆವರಿಕೆ, ಹಳದಿ ಹೂವಿನದು. ಅದರ ತೊಗಟೆಯ ಒಗರು ತೊಗಲನ್ನು ಕೊಳೆಯಗೊಡುವುದಿಲ್ಲ. ಇದಕ್ಕೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಅಂತಾರೆ. ತಾತನಿಗೆ ಅಕ್ಷರ ಬರುತ್ತಿರಲಿಲ್ಲ.

ನಾವು ಹೊಲಿದ ಬಾನಿ ಆ ಬಾವಿಗೆ ದಿನಾ ಇಳಿಯಬಹುದು, ನಮ್ಮ ಕೊಡ ಇಳಿಯುವ ಹಾಗಿಲ್ಲ. ಸತ್ತ ಎಮ್ಮೆಯ ತೊಗಲಿಗಿಲ್ಲದ ಮೈಲಿಗೆ ಬದುಕಿದ್ದ ನಮ್ಮ ಕೈಗೆ! ಕೂಲಿಯೂ ದುಡ್ಡಲ್ಲ, ಆಯ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಕೊಟ್ಟಷ್ಟು ಜೋಳ ಹೊತ್ತು ಬರಬೇಕು.

1953ರಲ್ಲಿ ಬಳ್ಳಾರಿ ಮದರಾಸಿನಿಂದ ಮೈಸೂರಿಗೆ ಬಂತು. ಅದೇ ವರ್ಷ ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟರು. ಬರಬರುತ್ತಾ ಕರೆಂಟಿನ ಪಂಪೂ ಬಂತು, ಕಪಿಲೆಗಳು ಒಂದೊಂದೇ ನಿಂತವು. ಅವ್ವ ಸೊಸೆಯಾಗಿ ಬಂದ ಹೊಸತರಲ್ಲಿ ತಾತ ಒಬ್ಬ ಜಮೀನುದಾರನಿಗೆ ಬಾನಿ ಹೊಲಿಯುತ್ತಿದ್ದನಂತೆ. ಹೊಲಿಗೆ ಮುಗಿಯುವ ಹೊತ್ತಿಗೆ ಅವನ ಬಾವಿಗೆ ಮೋಟಾರು ಕೂತಿತ್ತು. “ಇನ್ಯಾಕಲೇ ಅದು” ಅಂದನಂತೆ. ಬಾನಿ ಒಯ್ಯಲಿಲ್ಲ, ಜೋಳ ಅಳೆಯಲಿಲ್ಲ. ಅಟ್ಟ ಸೇರಿದ್ದು ಅದೇ ಬಾನಿ.

ಜಗಳ ಶುರುವಾಯಿತು. ನಮ್ಮೊಳಗಿನ ಕಿರಿಯವ, “ಸುಡ್ರಿ ಅದನ್ನ. ಸತ್ತ ದನ ಹೊರೋದು ಬಿಡಸಾಕ ಎಷ್ಟು ಬಡಿದಾಡೀವಿ, ಈಗ ಮನ್ಯಾಗಿಟ್ಟು ಪೂಜಿ ಮಾಡಬೇಕೇನು?” ಅಂದ. ಅವನ ಮಾತು ಹಗುರವಲ್ಲ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದದ್ದನ್ನು ನಮ್ಮ ಕೇರಿಗಳು ಜಾರಿಗೆ ತರಲು ಎಷ್ಟು ಸುಗ್ಗಿಯ ಜೋಳ ಕಳಕೊಂಡವು, ಎಷ್ಟು ಏಟು ತಿಂದವು! ಅಕ್ಕ ಬಾನಿಯ ಮೇಲೆ ಬೆರಳಾಡಿಸುತ್ತಾ, “ಹೊಲಿಗಿ ನೋಡಲೇ, ಒಂದು ಕಣ್ಣು ತಪ್ಪಿಲ್ಲ” ಅಂದಳು. ಅದೂ ಸುಳ್ಳಲ್ಲ. ಕಸುಬು ಬೇರೆ, ಕಸುಬಿಗೆ ಕಟ್ಟಿಹಾಕಿದ ಹಗ್ಗ ಬೇರೆ ಅಂತ ಭಾಷಣದಲ್ಲಿ ಹೇಳುವುದು ಸುಲಭ. ಕೈಯಲ್ಲಿ ಹಿಡಿದಾಗ ಎರಡೂ ಒಂದೇ ವಾಸನೆ ಹೊಡೆಯುತ್ತವೆ.

ನಡುವೆ ಹಳೆ ಸಾಮಾನು ಕೊಳ್ಳುವವನೊಬ್ಬ ಬಂದ. ಯಾವುದೋ ಹೋಟೆಲಿನ ಗೋಡೆಗೆ ನೇತುಹಾಕುತ್ತಾರಂತೆ, ಬಾನಿಗೆ ಎರಡು ಸಾವಿರ ಅಂದ. ನಮ್ಮಲ್ಲಿ ಇಬ್ಬರಿಗೆ ಮನಸ್ಸಾಯಿತು. ಅವ್ವ ಕೂತಲ್ಲಿಂದಲೇ ಹೇಳಿದಳು: “ಅದು ನಂದಲ್ಲಪ್ಪ ಮಾರಾಕ. ಆಯ ಬಾಕಿ ಐತಿ. ಜ್ವಾಳ ಅಳದು ಕೊಟ್ಟವ್ರು ಒಯ್ಲಿ.”

ಅವ್ವನಿಗೆ ಬಾನಿಗಿಂತ ಹಿತ್ತಲಿನ ಚಿಂತೆ ಹೆಚ್ಚು. ತೊಗಲು ನೆನೆಹಾಕುತ್ತಿದ್ದ ಗುಂಡಿಯ ಜಾಗ ಅದು. ಸುಣ್ಣ ತಿಂದ ಆ ನೆಲದಲ್ಲಿ ಬಹಳ ವರ್ಷ ಹುಲ್ಲೂ ಹುಟ್ಟಿರಲಿಲ್ಲ. ಅವಳು ಸೆಗಣಿ ಗೊಬ್ಬರ, ಕಾಲುವೆಯ ಹೂಳು ಬುಟ್ಟಿಬುಟ್ಟಿ ಹೊತ್ತು ಹಾಕಿ, ಬಚ್ಚಲ ನೀರು ತಿರುಗಿಸಿ ಪುಂಡಿಪಲ್ಯ, ಚವಳಿ, ಹೀರೆ ಬೆಳೆದಳು. ಬೇರೆಯವರ ತೋಟಕ್ಕೆ ನೀರೆತ್ತಿದ ವಂಶಕ್ಕೆ ಅದೇ ಮೊದಲ ತೋಟ, ನಾಲ್ಕು ಮಾರು ಉದ್ದ. ಬೂದಿಯಲ್ಲಿ ಕಲಸಿಟ್ಟ ಬೀಜದ ಗಡಿಗೆಯನ್ನು ಯಾರ ಕೈಗೂ ಕೊಡದೆ ಮಡಿಲಲ್ಲಿಟ್ಟುಕೊಂಡೇ ಟ್ರ್ಯಾಕ್ಟರು ಹತ್ತಿದಳು. ನಮ್ಮ ಕೈಯಿಂದ ಹಿತ್ತಲ ಮಣ್ಣು ಎಂಟು ಚೀಲ ತುಂಬಿಸಿದಳು. ಕೌದಿ ಎರಡು ಬಿಟ್ಟರೂ ಮಣ್ಣು ಬಿಡಲಿಲ್ಲ.

ಈಗ ಹೊಸ ಮನೆಯ ಮೆಟ್ಟಿಲ ಮೇಲೆ ಪೇಂಟಿನ ಡಬ್ಬಿ, ಒಡೆದ ಪ್ಲಾಸ್ಟಿಕ್ ಕೊಡಗಳಲ್ಲಿ ಪುಂಡಿ ಎದ್ದಿದೆ. ದಂಟು ಕೊಯ್ಯಲಿಕ್ಕೆ ಅವ್ವ ತಾತನ ರಂಪಿಗೆ ತೆಗೆದುಕೊಂಡಿದ್ದಾಳೆ, ಸಾಣೆ ಹಿಡಿದರೆ ಇನ್ನೂ ಹರಿತ. ಬಾನಿ ಬಾಗಿಲ ಹಿಂದಿನ ಗೂಟದಲ್ಲಿದೆ. ಅದರಿಂದ ಬಾಗಿಲು ಪೂರಾ ತೆರೆಯುವುದಿಲ್ಲ. ಕಿರಿಯವ ಬಂದಾಗೆಲ್ಲ ಗೊಣಗುತ್ತಾ ಮೈ ಓರೆ ಮಾಡಿ ಒಳಗೆ ಬರುತ್ತಾನೆ.